ಬೆಣ್ಣೆ ಬಣ್ಣಕ್ಕೆ ಪಾಸಾದವರು

ನಾನು ಕೆಲಸ ಮಾಡುತ್ತಿದ್ದ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಕ್ಕಿದ್ದು ಒಂದು ಮಷಿನ್ನಿಗೆ. ಅದು ಬರುವ ದಿನ ಗೇಟಿಗೆ ಮಾವಿನ ತೋರಣ ಕಟ್ಟಿದ್ದರು. ಹೊಲಿಗೆ ವಿಭಾಗದ ಹೆಂಗಸರು ಕಾದ ಶೀಟಿನ ಚಾವಣಿಯ ಕೆಳಗೆ ಕೂತು, ಇನ್ನೊಂದು ಫ್ಯಾನ್ ಹಾಕಿಸಿ ಸ್ವಾಮಿ ಎಂದು ಕೇಳಿ ಕೇಳಿ ಬಾಯಿ ಸೋತಿದ್ದರು. ಮಷಿನ್ನು ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಆದರೂ ಅದು ಲಾರಿಯಿಂದ ಇಳಿಯುವ ಮೊದಲೇ ಅದಕ್ಕೊಂದು ಗಾಜಿನ ಕೋಣೆ, ಆ ಕೋಣೆಗೊಂದು ಏಸಿ ತಯಾರಾಗಿದ್ದವು.

ತೊಂಬತ್ತರ ದಶಕದ ನಡುವಿನ ಮಾತು. ಫ್ಯಾಕ್ಟರಿ ಇದ್ದದ್ದು ದೊಡ್ಡಬಳ್ಳಾಪುರದ ಹೊರಗೆ, ನಮ್ಮೂರು ರಾಜಘಟ್ಟದಿಂದ ಸ್ವಲ್ಪ ಆಚೆ. ಪಿಯುಸಿ ಸೈನ್ಸ್ ಹೇಗೋ ಪಾಸು ಮಾಡಿಕೊಂಡು, ಮುಂದಕ್ಕೆ ಓದಿಸುವುದೋ ಮದುವೆ ಮಾಡುವುದೋ ಎಂದು ಮನೆಯವರು ತೀರ್ಮಾನಿಸದೆ ಬಿಟ್ಟಿದ್ದ ಕಾಲದಲ್ಲಿ ನಾನು ಅಲ್ಲಿಗೆ ಸೇರಿದೆ. ನನ್ನನ್ನು ಹಾಕಿದ್ದು ಬಟ್ಟೆ ನೋಡುವ ವಿಭಾಗಕ್ಕೆ. ಮಿಲ್ಲುಗಳಿಂದ ಬಟ್ಟೆ ರೋಲುಗಳಾಗಿ ಬರುತ್ತಿತ್ತು. ಎಲ್ಲವೂ ಒಂದೇ ಬಣ್ಣ ಅಂತ ಹೆಸರಿಗೆ ಮಾತ್ರ. ಬಣ್ಣ ಹಾಕಿದವರ ನೀರು, ಬಿಸಿ, ಬೇಜಾರು ಎಲ್ಲವೂ ಇಳಿದು ಒಂದೊಂದು ರೋಲಿಗೆ ಒಂದೊಂದು ಛಾಯೆ ಬಂದಿರುತ್ತಿತ್ತು. ನಾವು ಅದನ್ನು ಶೇಡ್ ಎನ್ನುತ್ತಿದ್ದೆವು. ಪ್ರತಿ ರೋಲಿನ ತುದಿಯಿಂದ ಅಂಗೈ ಅಗಲದ ತುಂಡು ಕತ್ತರಿಸಿ, ವಿದೇಶದ ಗಿರಾಕಿ ಒಪ್ಪಿಕೊಂಡಿದ್ದ ಮಾದರಿ ತುಂಡಿನ ಪಕ್ಕ ಇಟ್ಟು ನೋಡಬೇಕು. ಹತ್ತಿರ ಇದ್ದರೆ ಎ, ಸ್ವಲ್ಪ ದೂರ ಇದ್ದರೆ ಬಿ, ಇನ್ನೂ ದೂರ ಇದ್ದರೆ ಸಿ. ಒಂದು ಶರ್ಟಿನ ಮೈ, ತೋಳು, ಕಾಲರು ಎಲ್ಲವೂ ಒಂದೇ ಗುಂಪಿನ ಬಟ್ಟೆಯಿಂದ ಆಗಬೇಕು. ಗುಂಪು ತಪ್ಪಿದರೆ ತೊಟ್ಟವನ ಮೈ ಅವನದು, ತೋಳು ಪಕ್ಕದ ಮನೆಯವನದು ಅನ್ನಿಸಿಬಿಡುತ್ತದೆ.

ನನಗಿಂತ ಮೊದಲಿಂದ ಆ ಮೇಜಿನಲ್ಲಿದ್ದವಳು ದೊಡ್ಡಬಳ್ಳಾಪುರದ ಮಗ್ಗದ ಕೇರಿಯ ಒಬ್ಬ ಹೆಂಗಸು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕನ ನಾಲಿಗೆ ಕತ್ತರಿಗಿಂತ ಚೂಪು. ನಮ್ಮಿಬ್ಬರ ಕಣ್ಣುಗಳು ಯಾವ ಮಹಾ ಪವಾಡವನ್ನೂ ಮಾಡುತ್ತಿರಲಿಲ್ಲ. ಬೆಳಿಗ್ಗೆ ಅತ್ತೆಯ ಹತ್ತಿರ ಜಗಳವಾಡಿ ಬಂದ ದಿನ ಅಕ್ಕ ಮಧ್ಯಾಹ್ನದವರೆಗೂ ಯಾವ ರೋಲಿಗೂ ಎ ಕೊಡುತ್ತಿರಲಿಲ್ಲ. ನಾನು ಊಟ ಮಾಡಿ ಬಂದ ಮೇಲೆ ಎಲ್ಲವೂ ಎ. ಒಂದೇ ತುಂಡನ್ನು ಹಿಡಿದು ಅವಳು ಬಿ, ನಾನು ಎ ಎಂದು ಕಿತ್ತಾಡಿ ಕೊನೆಗೆ ಮ್ಯಾನೇಜರ ಹತ್ತಿರ ಹೋಗುತ್ತಿದ್ದೆವು. ಮ್ಯಾನೇಜರು ತುಂಡನ್ನು ಕಿಟಕಿಯ ಕಡೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಹಕ್ಕಿ ಹೊಡೆಯುವವರ ಹಾಗೆ ಗುರಿ ಇಡುತ್ತಿದ್ದರು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಮಾಲು ಹಡಗಿಗೆ ಹೋಗುವ ತಾರೀಕು ದೂರ ಇದ್ದರೆ "ಸ್ವಲ್ಪ ಡಿಫರೆನ್ಸ್ ಕಾಣ್ತಿದೆ ಕಣ್ರಿ" ಎನ್ನುವರು. ಹತ್ತಿರ ಬಂದಿದ್ದರೆ "ಪರ್ಫೆಕ್ಟ್!" ಶೇಡ್ ನೋಡುವ ಈ ವಿಧಾನವನ್ನು ಅವರು ಎಲ್ಲಿ ಕಲಿತಿದ್ದರೋ, ಅವರಿಗಂತೂ ಅದು ಯಾವತ್ತೂ ಕೈಕೊಟ್ಟಿರಲಿಲ್ಲ.

ಹೀಗಿರುವಾಗ ಅವರು ಯಾವುದೋ ಊರಿನ ವಸ್ತುಪ್ರದರ್ಶನಕ್ಕೆ ಹೋಗಿ ಬಂದರು. ಬಂದವರ ಬಾಯಲ್ಲಿ ಅದೇ ಮಾತು. ಬಟ್ಟೆಯನ್ನು ಒಂದು ಸಣ್ಣ ಕಿಂಡಿಗೆ ಒತ್ತಿ ಹಿಡಿದರೆ ಮಷಿನ್ನು ಅದರ ಮೇಲೆ ಬೆಳಕು ಚೆಲ್ಲಿ, ಬಣ್ಣವನ್ನು ಅಳೆದು, ಪಕ್ಕದ ಕಂಪ್ಯೂಟರಿಗೆ ಹೇಳುತ್ತದಂತೆ. ಮಾದರಿಗೂ ಇದಕ್ಕೂ ಎಷ್ಟು ಫರಕು ಎಂದು ಅಂಕಿಯಲ್ಲಿ ತೋರಿಸಿ, ಹಸಿರಲ್ಲಿ ಪಾಸ್, ಕೆಂಪಲ್ಲಿ ಫೇಲ್ ಎಂದು ತಾನೇ ತೀರ್ಪು ಕೊಡುತ್ತದಂತೆ.

ಪೂಜೆಯ ದಿನ ನಮ್ಮನ್ನೆಲ್ಲ ಗಾಜಿನ ಕೋಣೆಯ ಮುಂದೆ ನಿಲ್ಲಿಸಿ ಮ್ಯಾನೇಜರು ಭಾಷಣ ಮಾಡಿದರು.

"ಇನ್ಮೇಲೆ ನಿಮ್ಮ ಕಣ್ಣಿನ ಡ್ರಾಮಾ ಎಲ್ಲಾ ಬಂದ್. ಇದು ಫಾರಿನ್ ಕಣ್ಣು. ಇದಕ್ಕೆ ಮೂಡ್ ಇಲ್ಲ, ತಲೆನೋವಿಲ್ಲ, ಮನೇಲಿ ಅತ್ತೆ ಇಲ್ಲ, ರಜಾ ಬೇಕು ಅನ್ನಲ್ಲ."

"ಸಂಬಳಾನೂ ಕೇಳಲ್ಲ ಅನ್ನಿ ಸಾರ್," ಎಂದಳು ಅಕ್ಕ.

ಎಲ್ಲರೂ ನಕ್ಕರು. ಮ್ಯಾನೇಜರು ಅದನ್ನು ಹೊಗಳಿಕೆ ಎಂದುಕೊಂಡು ತಾವೂ ನಕ್ಕರು. ಪುರೋಹಿತರು ಕುಂಕುಮ ಹಿಡಿದು ಮಷಿನ್ನಿನ ಕಡೆ ಕೈ ಚಾಚಿದಾಗ ಮಾತ್ರ ಹಾವು ಕಂಡವರ ಹಾಗೆ ಹಾರಿ ಅಡ್ಡ ನಿಂತು, "ಅದಕ್ಕೆ ಮುಟ್ಟಿಸ್ಬೇಡಿ, ಕಣ್ಣಿಗೆ ಬೀಳುತ್ತೆ!" ಎಂದರು. ಕುಂಕುಮ ಕಂಪ್ಯೂಟರಿನ ಹಣೆಗೆ ಹೋಯಿತು. ಮಷಿನ್ನಿಗೆ ಧೂಳು ಆಗದೆಂದು ಕೋಣೆಯ ಹೊರಗೆ ಚಪ್ಪಲಿ ಬಿಡಬೇಕು ಎಂಬ ನಿಯಮ ಅವತ್ತೇ ಜಾರಿಗೆ ಬಂತು. ನಾವು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದೆವು. ಮ್ಯಾನೇಜರ ಬೂಟಿಗೆ ಧೂಳು ಅಂಟುವುದಿಲ್ಲ ಎಂದು ಕಾಣುತ್ತದೆ, ಅವರು ಹಾಗೇ ಬರುತ್ತಿದ್ದರು.

ಕಂಪ್ಯೂಟರಿನ ಪರದೆ ಮೇಲಿನ ಇಂಗ್ಲಿಷನ್ನು ಓದಬಲ್ಲವಳು ಎಂಬ ಒಂದೇ ಕಾರಣಕ್ಕೆ ಮಷಿನ್ನನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಮಷಿನ್ನು ಮಾರಿದ ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದು ಕಲಿಸಿಕೊಟ್ಟ. ಕಡಿಮೆ ಮಾತಿನ ಮನುಷ್ಯ. ಬೆಳಿಗ್ಗೆ ಬಂದ ಕೂಡಲೇ ಒಂದು ಬಿಳಿ ಬಿಲ್ಲೆಯನ್ನು ಕಿಂಡಿಗೆ ಇಟ್ಟು, ಬಿಳಿ ಅಂದರೆ ಇದು ಎಂದು ಮಷಿನ್ನಿಗೆ ನೆನಪು ಮಾಡಬೇಕು. ಆಮೇಲೆ ಮಾದರಿ ತೋರಿಸಬೇಕು. ಎಷ್ಟು ಫರಕನ್ನು ಸಹಿಸಬಹುದು ಎಂಬ ಅಂಕಿಯನ್ನು ಕಂಪ್ಯೂಟರಿನಲ್ಲಿ ಹಾಕಬೇಕು. "ಅಳೆಯೋದಷ್ಟೇ ಇದರ ಕೆಲಸ. ಎಷ್ಟು ಕ್ಷಮಿಸಬೇಕು ಅನ್ನೋದನ್ನ ನಾವು ಹೇಳ್ಬೇಕು," ಎಂದ. ಆ ಮಾತು ಹೇಳುವಾಗ ಮ್ಯಾನೇಜರು ಪಕ್ಕದಲ್ಲೇ ಇದ್ದರು. ನಾವು ಉಳಿದವರು ಕೇಳಿ ಮರೆತೆವು. ಅವರು ಮರೆಯಲಿಲ್ಲ.

ಆಗ ನಡೆಯುತ್ತಿದ್ದದ್ದು ಒಂದು ದೊಡ್ಡ ಶರ್ಟಿನ ಆರ್ಡರು. ಗಿರಾಕಿ ಆ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಬಾಯಿಗೆ ಬಾರದ ಹೆಸರಿಟ್ಟಿದ್ದ. ನಾವು ಬೆಣ್ಣೆ ಬಣ್ಣ ಎಂದು ಕರೆದು ಸುಮ್ಮನಾದೆವು. ಬಿಳಿಯೂ ಅಲ್ಲ ಹಳದಿಯೂ ಅಲ್ಲದ ಅಂಥ ಬಣ್ಣಗಳೇ ಕಷ್ಟ. ಮೊದಲ ಲಾರಿಯ ರೋಲುಗಳಿಂದ ತುಂಡು ಕತ್ತರಿಸಿ ಮಷಿನ್ನಿಗೆ ಕೊಟ್ಟೆ. ಫೇಲ್. ಇನ್ನೊಂದು. ಫೇಲ್. ಅಕ್ಕನೂ ನಾನೂ ಒಂದೇ ಬಾಯಲ್ಲಿ ಎ ಎಂದದ್ದೂ ಫೇಲ್. ಎಲ್ಲೋ ಅಲ್ಲೊಂದು ಇಲ್ಲೊಂದು ಹಸಿರು. ಸಂಜೆಯ ಹೊತ್ತಿಗೆ ಪರದೆ ಕೆಂಪು ದಾಸವಾಳದ ಗಿಡದಂತೆ ಕಾಣುತ್ತಿತ್ತು. ಮಷಿನ್ನು ಸುಳ್ಳು ಹೇಳುತ್ತಿರಲಿಲ್ಲ. ಕಿಟಕಿಯ ಹತ್ತಿರ ಒಯ್ದು ಸಮಾಧಾನವಾಗಿ ನೋಡಿದರೆ ನಮಗೂ ಫರಕು ಕಾಣುತ್ತಿತ್ತು. ಇಷ್ಟು ದಿನ ನಾವು ಎಷ್ಟೆಲ್ಲ ಬಿಟ್ಟಿದ್ದೆವು ಎಂದು ಗೊತ್ತಾಗಿ ಅಕ್ಕ ಕೆನ್ನೆ ಕೆನ್ನೆ ಬಡಿದುಕೊಂಡಳು.

ಮ್ಯಾನೇಜರು ಮೊದಲ ದಿನ ಹೆಮ್ಮೆಪಟ್ಟರು. "ನೋಡಿದ್ರಾ ಹೆಂಗೆ ಹಿಡಿಯುತ್ತೆ!" ಎರಡನೆಯ ದಿನ ಮಿಲ್ಲಿನವರಿಗೆ ಫೋನು ಮಾಡಿ ಗದರಿದರು. ಮಿಲ್ಲಿನವರು, ನಿಮ್ಮ ಮಾಲಕರ ಭಾವಮೈದ ಕೂಡ ನಮ್ಮಲ್ಲಿ ಪಾಲುದಾರ, ವಾಪಸು ಕಳಿಸುವ ಮೊದಲು ಅವರನ್ನು ಒಂದು ಮಾತು ಕೇಳಿ ಎಂದರಂತೆ. ಮೂರನೆಯ ದಿನ ಮ್ಯಾನೇಜರು ಗಾಜಿನ ಕೋಣೆಯೊಳಗೆ ಬಂದು, ಬಾಗಿಲು ಹಾಕಿ, ಮೆತ್ತಗೆ ಕೇಳಿದರು.

"ಅವತ್ತು ಆ ಹುಡುಗ ಹೇಳ್ದನಲ್ಲ, ಕ್ಷಮಿಸೋ ನಂಬರು, ಅದು ಎಲ್ಲಿದೆ?"

ತೋರಿಸಿದೆ.

"ಒಂಚೂರು ಜಾಸ್ತಿ ಮಾಡಿ."

ಮಾಡಿದೆ. ಕೆಲವು ಹಸಿರಾದವು.

"ಇನ್ನೊಂಚೂರು."

ಹೀಗೆ ಒಂಚೂರು ಒಂಚೂರು ಎನ್ನುತ್ತಾ, ಉಪ್ಪಿಟ್ಟಿಗೆ ನೀರು ಹುಯ್ಯುವವರ ಹಾಗೆ ಹುಯ್ಯಿಸಿದರು. ಕೊನೆಗೆ ಪರದೆ ಪೂರ್ತಿ ಹಸಿರಾಯಿತು. "ಈಗ ಸರಿಹೋಯ್ತು. ಹೊಸ ಮಷಿನ್ ಅಲ್ವಾ, ನಮ್ಮ ಕಡೆ ಹವಾಕ್ಕೆ ಒಗ್ಗಬೇಕು," ಎಂದು ಬೂಟು ಟಪಟಪ ಅನ್ನಿಸುತ್ತಾ ಹೊರಟುಹೋದರು. ಅವತ್ತಿನಿಂದ ಬೆಣ್ಣೆ ಬಣ್ಣದ ರೋಲುಗಳೆಲ್ಲ ಒಂದೇ ಗುಂಪಾಗಿ ಕತ್ತರಿಸುವ ವಿಭಾಗಕ್ಕೆ ಹೋಗತೊಡಗಿದವು. ಎ ಇಲ್ಲ, ಬಿ ಇಲ್ಲ. ರಾಮರಾಜ್ಯ.

ಆ ದಿನಗಳಲ್ಲಿ ಊಟದ ಹೊತ್ತಿಗೆ ಗಾಜಿನ ಕೋಣೆಗೆ ಜನ ಜಾಸ್ತಿ. ತುಂಡು ಕೊಡುವ ನೆಪ, ಕತ್ತರಿ ಕೇಳುವ ನೆಪ, ಎಲ್ಲರಿಗೂ ಬೇಕಿದ್ದದ್ದು ತಣ್ಣನೆಯ ಗಾಳಿ. ಒಂದು ಮಧ್ಯಾಹ್ನ ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು ತನ್ನ ಮುಂಗೈಯನ್ನು ಕಿಂಡಿಗೆ ಒತ್ತಿದಳು.

"ಹಾಕಮ್ಮಿ ನೋಡಾನ. ನಮ್ಮತ್ತೆ ದಿನಾ ಕರಿ ಕೋತಿ ಅಂತಾಳೆ. ಫಾರಿನ್ನೋರು ಏನಂತಾರೋ ಕೇಳಾನ."

ಸರಿಯಾಗೇ ನೋಡೋಣ ಎಂದು ಆ ಹೊತ್ತಿಗೆ ಮಾತ್ರ ಇಂಜಿನಿಯರ್ ಹೇಳಿದ್ದ ಮೊದಲಿನ ಅಂಕಿಯನ್ನು ಹಾಕಿ ಅಳೆದೆ. ಫೇಲ್. ಅದು ಬೆಣ್ಣೆ ಬಣ್ಣದ ಜೊತೆ ಹೋಲಿಸುತ್ತಿತ್ತು, ಇನ್ನೇನು ಆದೀತು? ಆದರೂ ಹೆಂಗಸರು ಸಾಲುಗಟ್ಟಿದರು. ನಂದು ನೋಡು, ನಂದು ನೋಡು. ಎಲ್ಲರದೂ ಕೆಂಪು. ಲೆಕ್ಕದ ವಿಭಾಗದಲ್ಲಿ ಒಬ್ಬಳಿದ್ದಳು, ಹಾಲಿನಲ್ಲಿ ಅದ್ದಿ ತೆಗೆದಂಥ ಬಿಳುಪು, ಮುಖಕ್ಕೆ ಟ್ಯೂಬಿನ ಕ್ರೀಮು ಹಚ್ಚದೆ ಗೇಟು ದಾಟಿದವಳಲ್ಲ. ಅವಳನ್ನೂ ಎಳೆತಂದರು. ಅವಳೂ ಫೇಲ್. ಹೆಂಗಸರು ಹೋ ಎಂದು ಕೂಗಿದ ಕೂಗಿಗೆ ಕಾವಲಿನವನು ಓಡಿಬಂದ. ಅವಳು ಮಾತ್ರ ಮುಖ ಸಿಂಡರಿಸಿಕೊಂಡು, "ಮಷಿನ್ ಸರಿಯಿಲ್ಲ," ಎಂದು ಹೋದಳು. ಆ ಫ್ಯಾಕ್ಟರಿಯಲ್ಲಿ ಎಲ್ಲರನ್ನೂ ಒಂದೇ ಥರ ನೋಡಿದ್ದು ಅದೊಂದೇ.

ನನ್ನ ಕೈಯನ್ನೂ ಇಟ್ಟು ನೋಡಿದೆನೆ? ನೋಡಿದೆ. ನನಗೆ ಆ ದಿನಗಳಲ್ಲಿ ಆ ಪ್ರಶ್ನೆ ಬರಿ ತಮಾಷೆಯಾಗಿರಲಿಲ್ಲ. ಸೂಲಿಬೆಲೆಯಲ್ಲಿದ್ದ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ನನಗೆ ಅಲ್ಲಿಯದೇ ಒಂದು ಗಂಡು ನೋಡಿದ್ದಳು. ಡೈರಿಯಲ್ಲಿ ಗುಮಾಸ್ತೆ ಕೆಲಸ. ಮೊದಲು ಫೋಟೋ ಬೇಕು ಎಂದಿದ್ದರು. ಅತ್ತೆ ತಾನೇ ನನ್ನನ್ನು ದೊಡ್ಡಬಳ್ಳಾಪುರದ ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಮುಖಕ್ಕೆ ಪೌಡರ್ ಮೆತ್ತಿಸಿ, ಎರಡು ಕಡೆಯಿಂದ ದೀಪ ಹಾಕಿಸಿದಳು. ಫೋಟೋದವನು ಅಷ್ಟಕ್ಕೂ ಬಿಡದೆ ಅದೇನೋ ತೀಡಿ ತಿದ್ದಿದ. ಫೋಟೋ ಬಂದಾಗ ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗವ್ಳೆ, ಯಾರಿವ್ಳು?" ಎಂದಳು.

ಹುಡುಗ, ಅವನ ತಾಯಿ, ಸೋದರಮಾವ ಮೂವರೂ ಒಂದು ಭಾನುವಾರ ಬಂದರು. ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ನಾನು ಕಾಫಿ ಲೋಟದ ತಟ್ಟೆ ಹಿಡಿದು ಬಂದೆ. ಹುಡುಗನ ತಾಯಿ ಕಾಫಿಯನ್ನು ಕೈಗೆ ತೆಗೆದುಕೊಂಡರೂ ಕುಡಿಯದೆ ನನ್ನನ್ನೇ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಪಟದಾಗೆ ಬೆಳ್ಳಗಿದ್ಲಲ್ಲ."

"ಒಳಗೆ ಕತ್ಲು ಕಣಕ್ಕ, ಅದ್ಕೆ ಹಂಗೆ ಕಾಣ್ತಾಳೆ," ಎಂದಳು ಅತ್ತೆ.

"ಹಂಗಾರೆ ಆಚಿಕ್ ಬಾರವ್ವ, ಬೆಳಕಿಗೆ."

ಅಂಗಳಕ್ಕೆ ಹೋದೆವು. ಆ ಹೆಂಗಸು ನನ್ನ ಗಲ್ಲವನ್ನು ಹಿಡಿದು ಅತ್ತ ಇತ್ತ ತಿರುಗಿಸಿದರು. ಕೈಯನ್ನು ತೆಗೆದುಕೊಂಡು, ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಬಿಸಿಲು ಬೀಳದ ಒಳಭಾಗ ನೋಡಿದರು. ಇದೇ ಕೆಲಸವನ್ನು ನಾನು ವಾರವಿಡೀ ಬಟ್ಟೆಗೆ ಮಾಡುತ್ತಿದ್ದೆ. ಮೊದಲು ಅದು ನೆನಪಾಗಿ ನಗು ಬಂತು. ಆಮೇಲೆ ಅಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದು ಕಾಣಿಸಿತು. ಸಂತೆಯಲ್ಲಿ ಕೊಳ್ಳುವವರು ನಮ್ಮ ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡುವಾಗಲೂ ಅಪ್ಪ ಹಾಗೆ ತಲೆ ತಗ್ಗಿಸಿದವರಲ್ಲ. ನಗು ಹೋಯಿತು.

"ಬಣ್ಣ ಒಸಿ ಕಮ್ಮಿಯೇ," ಎಂದರು ಹುಡುಗನ ತಾಯಿ, ಎಲ್ಲರಿಗೂ ಕೇಳುವಂತೆ.

"ಅಮ್ಮಾ," ಎಂದೆ ನಾನು, "ನಾನು ಫ್ಯಾಕ್ಟರಿಯಲ್ಲಿ ಬಣ್ಣ ನೋಡೋ ಕೆಲಸಾನೇ ಮಾಡೋದು. ಒಂದೇ ಪೀಸು ನೋಡಿ ಹೇಳಕ್ಕಾಗಲ್ಲ. ಎರಡೂ ಪಕ್ಕಪಕ್ಕ ಇಟ್ಕೊಂಡು ನೋಡ್ಬೇಕು. ನಿಮ್ಮ ಮಗನ್ನೂ ಒಂಚೂರು ಬೆಳಕಿಗೆ ಕರೀರಿ."

ಹುಡುಗ ಬಾಗಿಲಲ್ಲೇ ನಿಂತಿದ್ದ. ಪಾಪ, ಕಪ್ಪಿನಲ್ಲಿ ಅವನು ನನಗಿಂತ ಎರಡು ಗುಂಪು ಆಚೆಯವನು. ಸಿ ದಾಟಿ ಇನ್ನೊಂದು ಅಕ್ಷರ ಹುಡುಕಬೇಕಿತ್ತು. ಅವನು ಶರ್ಟಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಗುಂಡಿ ಹಾಕಿಕೊಂಡ. ಸೋದರಮಾವನಿಗೆ ಕೇಸರಿಬಾತು ಈಗ ಗಂಟಲಿಗೆ ಸಿಕ್ಕಿದಂತೆ ಕೆಮ್ಮು ಬಂತು. ಅತ್ತೆ ನನ್ನ ಬೆನ್ನನ್ನು ಚಿವುಟಿದಳು. ಹುಡುಗನ ತಾಯಿ, "ಗಂಡ್ಸಿಗೇನವ್ವ ಬಣ್ಣ, ದುಡಿಯಾ ಕೈ," ಎಂದರು.

"ನಂದೂ ದುಡಿಯೋ ಕೈಯೇ," ಎಂದೆ.

ಅವರು ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಧೈರ್ಯ ಮಾಡಿ ಮಾತಾಡಿದೆ ಎಂದು ಈಗ ಹೇಳುವುದು ಸುಲಭ. ಅವತ್ತು ಅವರು ತಿರುವಿನಾಚೆ ಹೋಗುವವರೆಗೂ ಇದ್ದ ಧೈರ್ಯ ಆಮೇಲೆ ಇರಲಿಲ್ಲ. ಅತ್ತೆ ಬಾಯಿಗೆ ಬಂದಂತೆ ಬೈದಳು. ಅಮ್ಮ ಲೋಟ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಸೋಮವಾರ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ನನ್ನ ಕೈ ನನಗೇ ಕಾಣಿಸುತ್ತಿತ್ತು. ಪಕ್ಕದವಳ ಕೈಯ ಜೊತೆ ಹೋಲಿಸುತ್ತಿದ್ದೆ, ಇನ್ನೊಬ್ಬಳ ಕೈ ಬಂದರೆ ಅದರ ಜೊತೆ. ಫ್ಯಾಕ್ಟರಿಗೆ ಹೋದರೆ ಮುಂದೆ ಗುಡ್ಡೆ ಬಿದ್ದ ಬೆಣ್ಣೆ ಬಣ್ಣದ ತುಂಡುಗಳು. ಅವತ್ತು ನಾನು ಅಕ್ಕನ ಹತ್ತಿರ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅಕ್ಕ ಸಮಾಧಾನ ಮಾಡಲಿಲ್ಲ. "ಅವ್ನು ಗುಂಡಿ ಹಾಕ್ಕಂಡಿದ್ದು ಇನ್ನೊಂದ್ಸಲ ಹೇಳು," ಎಂದಳು. ಹೇಳಿದೆ. ಮತ್ತೊಂದು ಸಲ ಹೇಳಿಸಿದಳು. ಮೂರನೆಯ ಸಲಕ್ಕೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ಇತ್ತ ಬೆಣ್ಣೆ ಬಣ್ಣದ ಶರ್ಟುಗಳು ತಯಾರಾಗಿ, ಇಸ್ತ್ರಿಯಾಗಿ, ಪೆಟ್ಟಿಗೆ ಸೇರುವ ಹಂತಕ್ಕೆ ಬಂದವು. ಗಿರಾಕಿಯ ಪರವಾಗಿ ಮಾಲು ನೋಡಲು ಬೆಂಗಳೂರಿನ ಅವರ ಕಚೇರಿಯಿಂದ ಒಬ್ಬ ಮೇಡಂ ಬಂದರು. ಕೈಮಗ್ಗದ ಸೀರೆ, ಕತ್ತರಿಸಿದ ಕೂದಲು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ಮ್ಯಾನೇಜರು ಅವರನ್ನು ನೇರ ಗಾಜಿನ ಕೋಣೆಗೆ ಕರೆತಂದು ಮಷಿನ್ನಿನ ಗುಣಗಾನ ಮಾಡಿದರು. ಅವರು ಎಲ್ಲಕ್ಕೂ ಹೂಂ ಹೂಂ ಎನ್ನುತ್ತಾ ಹೋಗಿ, ಒಂದು ಪೆಟ್ಟಿಗೆ ಬಿಚ್ಚಿಸಿ, ಶರ್ಟೊಂದನ್ನು ತೆಗೆದು ಅದರ ತೋಳನ್ನು ಎದೆಯ ಮೇಲೆ ಮಡಿಸಿ ಹಿಡಿದರು. ಇನ್ನೊಂದು ತೆಗೆದರು. ಮತ್ತೊಂದು.

"ಇದೇನು, ಎರಡು ಶರ್ಟ್ ಸೇರಿಸಿ ಒಂದು ಮಾಡಿದೀರಾ?" ಎಂದು ಕೇಳಿದರು.

ಕೇಳುವಂತೆಯೇ ಇತ್ತು. ಮೈ ಬೆಣ್ಣೆ, ಒಂದು ತೋಳು ಮಜ್ಜಿಗೆ, ಇನ್ನೊಂದು ತುಪ್ಪ.

"ಮೇಡಂ, ಕಂಪ್ಯೂಟರ್ ಪಾಸ್ ಮಾಡಿದೆ," ಎಂದರು ಮ್ಯಾನೇಜರು.

"ಶರ್ಟ್ ಹಾಕ್ಕೊಳ್ಳೋರು ಕಂಪ್ಯೂಟರ್ ಅಲ್ಲ ಅಲ್ವಾ?"

ಮ್ಯಾನೇಜರು ಆ ಗಳಿಗೆಯಲ್ಲೇ ಮಷಿನ್ನಿನ ಕೈಬಿಟ್ಟರು. ಅಷ್ಟು ದಿನ ಫಾರಿನ್ ಕಣ್ಣು ಎಂದು ಕೊಂಡಾಡಿದ್ದ ಬಾಯಲ್ಲೇ, ಮಷಿನ್ನಿನಲ್ಲಿ ದೋಷವಿದೆ, ಮೊದಲಿಂದಲೂ ನನಗೆ ಅನುಮಾನವಿತ್ತು, ಮಾರಿದವರು ಮೋಸ ಮಾಡಿದ್ದಾರೆ ಎಂದರು. ಮಾಲು ನಿಂತಿತು. ಮಾರಿದ ಕಂಪನಿಗೆ ಫೋನು ಹೋಗಿ, ಅದೇ ಕಡಿಮೆ ಮಾತಿನ ಇಂಜಿನಿಯರ್ ಎರಡು ದಿನದೊಳಗೆ ಬಂದ. ಮಾಲಕರೂ ಬಂದರು. ಮೇಡಂ ಕೂಡ ಬಂದರು. ಗಾಜಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಪ್ಪಲಿಯ ನಿಯಮ ಯಾರಿಗೂ ನೆನಪಾಗಲಿಲ್ಲ.

ಇಂಜಿನಿಯರ್ ಬಿಳಿ ಬಿಲ್ಲೆ ಇಟ್ಟ. ಸರಿ. ಮಾದರಿ ತೋರಿಸಿದ. ಸರಿ. ಆಮೇಲೆ ಕಂಪ್ಯೂಟರಿನಲ್ಲಿ ಆ ಕ್ಷಮಿಸುವ ಅಂಕಿಯನ್ನು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಅಷ್ಟರಲ್ಲಿ ಕ್ಯಾಂಟೀನಿನ ಹೆಂಗಸು ದೊಡ್ಡವರಿಗೆಲ್ಲ ಟೀ ತಂದಳು. ಪಾತ್ರೆಯ ಬಿಸಿ ತಾಗದಂತೆ ಅವಳು ಟೀ ಸೋಸುವ ಬಟ್ಟೆಯನ್ನೇ ಮಡಿಸಿ ಹಿಡಿದಿದ್ದಳು. ಒಗೆದು ಒಣಗಿಸಿದ್ದೇ, ಆದರೆ ಎಷ್ಟು ಒಗೆದರೂ ಟೀ ಕುಡಿದ ಬಟ್ಟೆ ಟೀ ಕುಡಿದದ್ದೇ.

"ಅದನ್ನ ಒಂದ್ನಿಮಿಷ ಕೊಡಮ್ಮಾ," ಎಂದ ಇಂಜಿನಿಯರ್.

ಅವಳು ಗಾಬರಿಯಾಗಿ ಕೊಟ್ಟಳು. ಅವನು ಅದರ ಒಂದು ಮೂಲೆಯನ್ನು ಕಿಂಡಿಗೆ ಒತ್ತಿ, ಗುಂಡಿ ಅಮುಕಿದ. ಮಷಿನ್ನು ಒಂದು ಸಲ ಮಿಂಚಿತು. ಪರದೆಯ ಮೇಲೆ ಹಸಿರಕ್ಷರದಲ್ಲಿ ಪಾಸ್ ಎಂದು ಬಂತು.

ಮೇಡಂ ಪರದೆ ನೋಡಿದರು, ಬಟ್ಟೆ ನೋಡಿದರು. ಮಾಲಕರು ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ಏಸಿಯನ್ನು ನೋಡುತ್ತಾ ನಿಂತರು, ಅದೇನಾದರೂ ಸಾಕ್ಷಿ ಹೇಳೀತೇನೋ ಎಂಬಂತೆ.

"ಮಷಿನ್ ಸರಿಯಾಗೇ ಅಳೀತಿದೆ ಸಾರ್," ಎಂದ ಇಂಜಿನಿಯರ್. "ಆದ್ರೆ ಇದಕ್ಕೆ ಎಲ್ಲಾನೂ ಕ್ಷಮಿಸು ಅಂತ ಹೇಳಿಟ್ಟಿದೀರಿ. ಈ ನಂಬರು ಹಾಕಿದ್ದು ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. ಮ್ಯಾನೇಜರು ಕೂಡ, ಸ್ವಲ್ಪ ಭರವಸೆಯಿಂದ, ತಿರುಗಿದರು.

"ಬೆರಳು ನಂದು ಸಾರ್," ಎಂದೆ. "ಒಂಚೂರು, ಇನ್ನೊಂಚೂರು ಅಂತ ಹೇಳಿದ್ದು ಮ್ಯಾನೇಜರ್ ಸಾರು. ಮಿಲ್ಲಲ್ಲಿ ಯಾರೋ ಬೇಕಾದೋರಿದ್ದಾರೆ, ಬಟ್ಟೆ ವಾಪಸ್ ಕಳಿಸಕ್ಕಾಗಲ್ಲ ಅಂತಿದ್ರು."

ಮಿಲ್ಲಿನ ಮಾತು ಬಂದದ್ದೇ ಮಾಲಕರಿಗೆ ಟೀ ಬಹಳ ಬಿಸಿಯಾಯಿತು. ಅವರು ಲೋಟವನ್ನು ಊದುತ್ತಾ ಊದುತ್ತಾ, "ಸರಿ ಸರಿ, ಇದನ್ನ ನಾವು ಒಳಗೆ ಮಾತಾಡೋಣ," ಎಂದು ಎಲ್ಲರನ್ನೂ ಹೊರಡಿಸಿದರು.

ಒಳಗೆ ಮಾತಾಡಿದ್ದರ ಫಲ ಮರುದಿನ ಗೊತ್ತಾಯಿತು. ಯಾರದೂ ತಪ್ಪಿಲ್ಲವಂತೆ, ತಾಂತ್ರಿಕ ಸಮಸ್ಯೆಯಂತೆ. ಮ್ಯಾನೇಜರು ಮ್ಯಾನೇಜರಾಗಿಯೇ ಉಳಿದರು. ಮಿಲ್ಲಿನ ಲಾರಿಗಳು ಬರುವುದು ನಿಲ್ಲಲಿಲ್ಲ. ಶಿಕ್ಷೆಯಾಗಿದ್ದು ಮಷಿನ್ನಿಗೆ ಮಾತ್ರ. ಅದರ ಮೇಲೊಂದು ದುಪ್ಪಟಿ ಹೊದಿಸಿ ಕೋಣೆಗೆ ಬೀಗ ಹಾಕಿದರು. ಹೊಸ ಗಿರಾಕಿಗಳು ಬಂದಾಗ ದುಪ್ಪಟಿ ತೆಗೆದು, ಹೂವಿಟ್ಟು, ನಮ್ಮಲ್ಲಿ ಇಂಥದ್ದೂ ಇದೆ ಎಂದು ತೋರಿಸಿ ಮತ್ತೆ ಹೊದಿಸುತ್ತಿದ್ದರು. ಏಸಿ ಅಲ್ಲಿ ಸುಮ್ಮನೆ ಕೆಡುತ್ತದೆ ಎಂದು ಮ್ಯಾನೇಜರು ಅದನ್ನು ತಮ್ಮ ಕೋಣೆಗೆ ಸಾಗಿಸಿಕೊಂಡರು. ನನ್ನನ್ನು ಹಳೆಯ ಮೇಜಿಗೆ, ಅಕ್ಕನ ಪಕ್ಕಕ್ಕೆ ಕಳಿಸಿದರು. ಅದನ್ನು ಅವರು ಶಿಕ್ಷೆ ಎಂದುಕೊಂಡಿದ್ದರೋ ಏನೋ. ನಾವಿಬ್ಬರೂ ಮತ್ತೆ ಎ, ಬಿ ಎಂದು ಕಿತ್ತಾಡತೊಡಗಿದೆವು.

ಶರ್ಟುಗಳನ್ನು ಗಿರಾಕಿ ತೆಗೆದುಕೊಳ್ಳಲಿಲ್ಲ. ದೀಪಾವಳಿಗೆ ಪ್ರತಿವರ್ಷ ಕೊಡುತ್ತಿದ್ದ ಸಿಹಿಯ ಬದಲು ಆ ವರ್ಷ ಎಲ್ಲರಿಗೂ ಒಂದೊಂದು ಬೆಣ್ಣೆ ಬಣ್ಣದ ಶರ್ಟು ಕೊಟ್ಟು, ಕಾರ್ಮಿಕರ ಮೇಲಿನ ಪ್ರೀತಿಯಿಂದ ಎಂದು ಮೈಕಿನಲ್ಲಿ ಹೇಳಿದರು. ಹಬ್ಬ ಮುಗಿಯುವಷ್ಟರಲ್ಲಿ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಿ ನೋಡಿದರೂ ಮಜ್ಜಿಗೆ ತೋಳು, ತುಪ್ಪದ ತೋಳು. ಅಪ್ಪನೂ ತೊಟ್ಟುಕೊಂಡು ನಮ್ಮೂರ ಡೈರಿಗೆ ಹಾಲು ಹಾಕಲು ಹೋದರು. "ಯಾರಾನ ಏನಾನ ಅಂದ್ರಾ?" ಎಂದು ಅಮ್ಮ ಕೇಳಿದರೆ, "ಅನ್ನೋಕೆ ಅವ್ರೂ ಅದ್ನೇ ಹಾಕ್ಕಂಡಿದ್ರು," ಎಂದರು.

ಹಬ್ಬವಾದ ಮೇಲೆ ಅತ್ತೆ ಸೂಲಿಬೆಲೆಯಿಂದ ಬಂದಳು. ಮುಖದಲ್ಲಿ ಗೆದ್ದ ಕಳೆ.

"ಒಪ್ಕಂಡವ್ರೆ," ಎಂದಳು ಚೀಲ ಇಳಿಸುವ ಮೊದಲೇ. "ಬಾಯಿ ಜಾಸ್ತಿ ಆದ್ರೂ ಹುಡ್ಗಿ ಗಟ್ಟಿಗಿತ್ತಿ, ಇರ್ಲಿ ಬುಡಿ ಅಂದವ್ರೆ. ಬಣ್ಣ ಒಸಿ ಹಿಂದು ಮುಂದಾದ್ರೂ ಪರವಾಗಿಲ್ವಂತೆ. ಅದ್ಕೆ ಬದ್ಲಾಗಿ ಹುಡುಗ್ನಿಗೆ ಒಂದು ಸ್ಕೂಟ್ರು ಕೊಡುಸ್ಬುಟ್ರೆ ಆಯ್ತು."

ಆಮೇಲೆ ಗೊತ್ತಾದದ್ದು, ಹುಡುಗನ ಮನೆಯವರು ಅಷ್ಟರೊಳಗೆ ಇನ್ನೆಲ್ಲೋ ಹೋಗಿ ಬಂದಿದ್ದರು. ಬೆಳ್ಳಗಿದ್ದ ಹುಡುಗಿಯರ ಮನೆಯವರು ಇವನನ್ನು ಬೆಳಕಿನಲ್ಲಿ ನೋಡಿ ಕಳಿಸಿದ್ದರು.

ಅಪ್ಪ ಯಾವತ್ತೂ ತಮ್ಮ ಅಕ್ಕನ ಮಾತು ಮೀರಿದವರಲ್ಲ. ಆದರೂ ಅವತ್ತು ನನ್ನನ್ನು ಕೇಳಿದರು. ಮದುವೆಯ ವಿಷಯದಲ್ಲಿ ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಏನವ್ವಾ, ಏನಂತೀಯ?"

"ಬ್ಯಾಡ ಕಣಪ್ಪ," ಎಂದೆ. "ಇವತ್ತು ನನ್ನ ಬಣ್ಣಕ್ಕೆ ಸ್ಕೂಟ್ರು. ನಾಳೆ ಮಗು ಕಪ್ಪಗೆ ಹುಟ್ಟಿದ್ರೆ ಕಾರು ಕೇಳ್ತಾರೆ."

ಅತ್ತೆ ಹಣೆ ಚಚ್ಚಿಕೊಂಡಳು. ಕಲಿತ ಹೆಣ್ಣು, ಕೆಟ್ಟ ಹೆಣ್ಣು, ಫ್ಯಾಕ್ಟರಿಗೆ ಕಳಿಸಬೇಡ ಎಂದು ಬಡಕೊಂಡೆ ಎಂದಳು. ಅಪ್ಪ ಅವಳ ಚೀಲವನ್ನು ತಾವೇ ಎತ್ತಿಕೊಂಡು ಜೊತೆಯಲ್ಲೇ ಸೂಲಿಬೆಲೆಗೆ ಹೊರಟರು. ಬಾಯಿ ಸತ್ತ ಮನುಷ್ಯ, ಅಲ್ಲಿ ಹೋಗಿ ಒಪ್ಪಿಕೊಂಡು ಬಂದುಬಿಡುತ್ತಾರೆ ಎಂದು ಅಮ್ಮನಿಗೂ ನನಗೂ ಭಯ. ಸಂಜೆ ವಾಪಸು ಬಂದು, ಕೈಕಾಲು ತೊಳೆದು, ಮುದ್ದೆ ಮುರಿದು, ಸಾರಿನಲ್ಲಿ ಅದ್ದುತ್ತಾ ಹೇಳಿದರು.

"ಹೇಳ್ಬುಟ್ಟೆ. ನಮ್ಮುಡ್ಗಿಗೆ ನಿಮ್ಮುಡ್ಗ ಒಸಿ ಬಣ್ಣ ಕಮ್ಮಿ ಆಯ್ತಾನೆ ಅಂತ."

ಅಮ್ಮನಿಗೆ ತುತ್ತು ಗಂಟಲಿಗೆ ಸಿಕ್ಕಿ ನೀರು ಕುಡಿಯಬೇಕಾಯಿತು. ಅತ್ತೆ ನಮ್ಮ ಮನೆಗೆ ಬರುವುದನ್ನು ಬಹುಕಾಲ ಬಿಟ್ಟಿದ್ದಳು.

ನನ್ನ ಮದುವೆ ಅದಾಗಿ ಒಂದೆರಡು ವರ್ಷಕ್ಕೆ ಆಯಿತು. ಹುಡುಗನದು ನೆಲಮಂಗಲದ ಹತ್ತಿರ ಅರಿಶಿನಕುಂಟೆ. ಫೋಟೋ ಕೇಳಲಿಲ್ಲ, ಅಂಗಳಕ್ಕೂ ಕರೆಯಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ? ಬಿಡುವುದಿಲ್ಲ ಎಂದೆ. ಹುಡುಗನ ಮುಖ ಅರಳಿತು. ಎಂಥ ವಿಶಾಲ ಮನಸ್ಸು ಎಂದು ನಾನು ಮದುವೆಯ ದಿನದವರೆಗೂ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಆಗಲೇ ಬಾಗಿಲು ಹಾಕಿತ್ತು. ಹೆದ್ದಾರಿಯ ಪಕ್ಕದ ಇನ್ನೊಂದು ಗಾರ್ಮೆಂಟಿನಲ್ಲಿ ನನಗೆ ಕೆಲಸ ಸಿಕ್ಕಿತು. ಅವರು ಬೆಳಿಗ್ಗೆ ಎದ್ದು ನನ್ನ ಊಟದ ಡಬ್ಬಿ ಕಟ್ಟುವುದನ್ನು ಕಲಿತರು. ಮೊದಮೊದಲು ಪಲ್ಯಕ್ಕೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದರು. ಹೇಳಿದರೆ ಸಿಟ್ಟಾಗುತ್ತಿದ್ದರು. ಹಾಗಾಗಿ ನಾನು ಒಂದು ಪೊಟ್ಟಣ ಉಪ್ಪನ್ನು ಫ್ಯಾಕ್ಟರಿಯಲ್ಲೇ ಇಟ್ಟುಕೊಂಡೆ.